ಕೀಲಿ ಹಾಕಿದ ಹೀರೋಗಳು

ನಮ್ಮ ಬೀದರ ಜಿಲ್ಲೆಯ ಗೋರ್ಟಾ (ಬಿ)ಗೆ ಬಂದು, ಕಟ್ಟೆಯ ಮೇಲೆ ಕೂತ ಏಳನೇ ಇಯತ್ತೆಯ ಪೋರನೊಬ್ಬನನ್ನು "ನಿಮ್ಮ ವಾರ್ಡಿನ ಪಂಚಾಯ್ತಿ ಮೆಂಬರ್ ಯಾರಪ್ಪಾ?" ಅಂತ ಕೇಳಿ ನೋಡಿ. ತಲೆ ಕೆರೆದುಕೊಳ್ಳುತ್ತಾನೆ. "ಆಲೋಕ್ ಯಾರು?" ಅಂತ ಕೇಳಿ. ಕೆರೆಯುತ್ತಿದ್ದ ಕೈ ತಟ್ಟನೆ ಕೆಳಗಿಳಿಯುತ್ತದೆ. ಆಲೋಕನ ಐದು ಮೀಟರಿನ ಸುತ್ತಳತೆಯಲ್ಲಿ ನಿಂತರೆ ಓಟಕ್ಕೆ ಹೇಗೆ ಕಸುವು ಬರುತ್ತದೆ, ಸೆಕೆಂಡಿಗೆ ಎಷ್ಟು ಜೀವ ಏರುತ್ತದೆ, ಅವನ ಜೋಡಿಗೆ ಇನ್ಯಾವ ಮೂವರ ವಿದ್ಯೆ ಸೇರಿಸಿದರೆ ಎದುರಿನವನ ಗತಿ ಏನಾಗುತ್ತದೆ, ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸುತ್ತಾನೆ. ಸಾಲಿಯಲ್ಲಿ ಹದಿನೇಳರ ಮಗ್ಗಿಗೆ ತಡವರಿಸುವ ನಾಲಿಗೆ ಇದೇನಾ ಎಂದು ಮಾಸ್ತರರು ಮೂರ್ಛೆ ಹೋಗಬೇಕು, ಹಾಗೆ.

ಆಲೋಕ್ ಅಂದರೆ ಹುಮನಾಬಾದಿನ ಬಟ್ಟೆ ಅಂಗಡಿಯವನಲ್ಲ. ಬ್ರೆಜಿಲ್ ದೇಶದ ಒಬ್ಬ ಡಿಜೆ. ತೊಗರಿ ಹೊಲ ಕಂಡವನಲ್ಲ, ಶೇಂಗಾ ಹಿಂಡಿ ಉಂಡವನಲ್ಲ. 2019ರಲ್ಲಿ ಫ್ರೀ ಫೈರ್ ಎಂಬ ಆಟದೊಳಗೆ ಪಾತ್ರವಾಗಿ ಕಾಲಿಟ್ಟ. ಅಲ್ಲಿಂದ ನೇರವಾಗಿ ನಮ್ಮೂರ ಹುಡುಗರ ಎದೆಯೊಳಗೆ ಬಂದು ಕೂತ. ಬರುವಾಗ ಸುಮ್ಮನೆ ಬರಲಿಲ್ಲ, ಕೊರಳಿಗೊಂದು ಕೀಲಿ ಹಾಕಿಸಿಕೊಂಡೇ ಬಂದ. ಆ ಕೀಲಿಯ ಬೆಲೆ ಹೊಸದರಲ್ಲಿ 599 ಡೈಮಂಡ್. ನಮ್ಮ ರೊಕ್ಕದಲ್ಲಿ ಐನೂರರ ಆಸುಪಾಸು.

ತಿಳಿಯದ ಹಿರಿಯರಿಗಾಗಿ ಎರಡು ಮಾತು ಬಿಡಿಸಿ ಹೇಳಬೇಕು. ಫ್ರೀ ಫೈರ್ ಎಂಬುದು ಸಿಂಗಾಪುರದ ಗರೀನಾ ಕಂಪನಿಯವರು 2017ರಲ್ಲಿ ಹೊರಡಿಸಿದ ಗುಂಡು ಹಾರಿಸುವ ಆಟ. ಐವತ್ತು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಚಹಾ ಕುದಿದು ಆರುವಷ್ಟರಲ್ಲಿ ಅವರವರೇ ಹೊಡೆದಾಡಿಕೊಂಡು ಕಡೆಗೆ ಒಬ್ಬ, ಇಲ್ಲವೇ ಒಂದು ತಂಡ ಉಳಿಯುತ್ತದೆ. ಅಗ್ಗದ ಫೋನಿನಲ್ಲೂ ಓಡುತ್ತದೆ ಎಂಬುದೇ ಈ ಆಟದ ದೊಡ್ಡ ಗುಣ. ಅಪ್ಪನ ಹಳೆಯ ಫೋನು, ಗಾಜು ಬಿರುಕು ಬಿಟ್ಟಿರಲಿ, ಬ್ಯಾಟರಿ ಉಬ್ಬಿರಲಿ, ಫ್ರೀ ಫೈರ್ ಮಾತ್ರ ಜಗ್ಗುತ್ತಾ ಜಗ್ಗುತ್ತಾ ಓಡಿಯೇ ತೀರುತ್ತದೆ.

ಆಟಕ್ಕೆ ಹೊಸಬನಾಗಿ ಸೇರಿದವನಿಗೆ ಪುಕ್ಕಟೆ ಸಿಗುತ್ತಿದ್ದವರು ಆಡಮ್ ಮತ್ತು ಈವ್. ಹಣ್ಣು ತಿನ್ನುವ ಮೊದಲಿನ ಆದಿದಂಪತಿಯ ಹಾಗೆ ಪಾಪ, ಏನೂ ಬಾರದವರು. ವಿದ್ಯೆ ಬಲ್ಲವರೆಲ್ಲ ಕೀಲಿಯ ಆಚೆ. ಕೆಲ್ಲಿ ಎಂಬಾಕೆ ಎಲ್ಲರಿಗಿಂತ ಜೋರಾಗಿ ಓಡುತ್ತಾಳೆ. ವುಕಾಂಗ್ ಎಂಬವನು ಅಪಾಯ ಬಂದಾಗ ಪೊದೆಯಾಗಿ ಕೂತುಬಿಡುತ್ತಾನೆ. ಸಾಲ ವಸೂಲಿಯವರು ಬಂದಾಗ ಈ ವಿದ್ಯೆ ನಮ್ಮಲ್ಲಿ ಅನೇಕರಿಗೆ ಬೇಕಿತ್ತು. ಜೈ ಎಂಬವನು ಹೃತಿಕ್ ರೋಶನ್ನನ ಪಡಿಯಚ್ಚು. ಶತ್ರು ಉರುಳಿದೊಡನೆ ಅವನ ಬಂದೂಕಿಗೆ ಗುಂಡು ತಾನೇ ತುಂಬಿಕೊಳ್ಳುತ್ತದೆ. ಕ್ರೋನೊ ಎಂಬವನಾಗಿ ಫುಟ್‌ಬಾಲಿನ ರೊನಾಲ್ಡೊನೇ ಬಂದು ಗುಂಡು ತಡೆಯುವ ಗುಮ್ಮಟ ಕಟ್ಟಿಕೊಟ್ಟ. ಒಬ್ಬನ ದೊಡ್ಡ ವಿದ್ಯೆ, ಜೊತೆಗೆ ಇನ್ನು ಮೂವರ ಸಣ್ಣ ವಿದ್ಯೆ ಸೇರಿಸಿ ಒಂದು ಕಾಂಬಿನೇಷನ್ ಕಟ್ಟಿಕೊಳ್ಳಬೇಕು. ಅಂದರೆ ಒಂದು ಕೀಲಿ ತೆಗೆದರೆ ಸಾಲದು. ಒಂದು ಗೊಂಚಲೇ ಬೇಕು.

ಕೀಲಿ ತೆಗೆಯಲು ದಾರಿ ಎರಡು. ಒಂದು ಬೆವರಿನದು: ಆಡು, ಆಡು, ಇನ್ನೂ ಆಡು, ಚಿನ್ನದ ನಾಣ್ಯ ಕೂಡಿಸು. ಇನ್ನೊಂದು ಅಪ್ಪನ ಫೋನಿನದು: ಡೈಮಂಡ್ ಕೊಳ್ಳು. ಹುಡುಗರು ಮೊದಲನೆಯದಕ್ಕೆ 'ಗ್ರೈಂಡ್' ಅನ್ನುತ್ತಾರೆ, ಎರಡನೆಯದಕ್ಕೆ 'ಟಾಪ್‌ಅಪ್'. ಗ್ರೈಂಡ್ ಮಾಡುವವನಿಗೆ ಊರಲ್ಲಿ ಮರ್ಯಾದೆ, ಟಾಪ್‌ಅಪ್ ಮಾಡಿದವನ ಮೇಲೆ ಹೊಟ್ಟೆಕಿಚ್ಚು. ಈ ಎರಡರ ನಡುವೆ ಮೂರನೆಯ ವರ್ಗವೊಂದಿದೆ. ಹೊಲದ ಕೂಲಿಯವರಿಗೆ ಫೋನ್‌ಪೇ ಮಾಡಿಕೊಡುವ ನೆಪದಲ್ಲಿ ಅಪ್ಪನ ಪಿನ್ ಕಂಠಪಾಠ ಮಾಡಿಕೊಂಡ ಬುದ್ಧಿವಂತರದು. ಇವರಿಗೆ ಮರ್ಯಾದೆಯೂ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ. ಬ್ಯಾಂಕಿನ ಮೆಸೇಜು ಬಂದ ಸಂಜೆ ಬೆನ್ನಿಗೆ ಬೀಳುವ ಚಪ್ಪಲಿಯ ಸದ್ದು ಮಾತ್ರ.

ಆಟ ನಡೆಯುವಾಗ ಹತ್ತಿರ ಹೋಗಿ ಕೂತರೆ ಅದೊಂದು ಅನುಷ್ಠಾನ. ಬೇವಿನ ನೆರಳು. ನಾಲ್ವರು ಹುಡುಗರು, ನಾಲ್ಕು ಫೋನು, ಒಂದು ಚಾರ್ಜರು. ಬೆರಳು ಬೆವರಿ ಜಾರಬಾರದೆಂದು ಅವ್ವನ ಪೌಡರ್ ಡಬ್ಬಿಯಿಂದ ಚಿಟಿಕೆ ತಂದು ಹೆಬ್ಬೆರಳಿಗೆ ಸವರಿಕೊಂಡಿದ್ದಾರೆ. ಹಣೆಗೆ ಮಾತ್ರ ಬೂದಿ ಇಲ್ಲ, ಉಳಿದದ್ದೆಲ್ಲ ಪೂಜೆಯೇ. ಎರಡು ಹೆಬ್ಬೆರಳು ಕೆಳಗೆ, ಎರಡು ತೋರುಬೆರಳು ಮೇಲೆ, ಏಡಿಯ ಕೊಂಡಿಯ ಹಾಗೆ ಫೋನನ್ನು ಕಚ್ಚಿಕೊಂಡಿವೆ. ಕಣ್ಣು ಮಿಟುಕುವುದಿಲ್ಲ, ಬಾಯಿ ಮುಚ್ಚುವುದಿಲ್ಲ. ಆ ಬಾಯಿಯಿಂದ ಹೊರಡುವ ಮಾತೋ, ತ್ರಿಭಾಷಾ ಸೂತ್ರ ಬರೆದವರು ಬಂದು ಕೇಳಬೇಕು. "ಲೇ, ಮಾಗೆ ಬಘ್, ಮನಿ ಮ್ಯಾಗ ಒಬ್ಬ ಅದಾನ, ಮಾರ್ ಮಾರ್!" ಒಂದೇ ಉಸಿರಿನಲ್ಲಿ ಮರಾಠಿ, ಕನ್ನಡ, ಹಿಂದಿ. ಗಡಿ ವಿವಾದ ಬಗೆಹರಿಸಲು ಆಯೋಗದ ಮೇಲೆ ಆಯೋಗ ಕೂತ ನಾಡಿದು. ನಮ್ಮ ಹುಡುಗರು ಒಂದು ಗುಂಡು ಹಾರುವಷ್ಟರಲ್ಲಿ ಗಡಿ ದಾಟಿ ತಿರುಗಿ ಬಂದಿರುತ್ತಾರೆ.

ಇದು ಊರಿನ ಮಟ್ಟದ ಆಟ. ಪ್ಯಾಟಿಗೆ ಹೋಗಿ ಇಂಜಿನಿಯರಿಂಗ್ ಓದುವ ನಮ್ಮ ಅಕ್ಕನ ಮಗನದು ಇನ್ನೂ ಮೇಲಿನ ಮಟ್ಟ. ಅವನು ಫೋನಿನಲ್ಲಿ ಆಡುವವರನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನದು ವ್ಯಾಲೊರಂಟ್. ಅಮೆರಿಕದ ರಾಯಟ್ ಗೇಮ್ಸ್ 2020ರ ಜೂನ್ 2ರಂದು ಬಿಡುಗಡೆ ಮಾಡಿದ್ದು. ಐವರ ಎದುರು ಐವರು, ಮೊದಲು ಹದಿಮೂರು ಸುತ್ತು ಗೆದ್ದವರದು ಆಟ. ಅಲ್ಲಿ ಪಾತ್ರಗಳಿಗೆ 'ಏಜೆಂಟ್' ಎಂದು ಹೆಸರು. ಎಲ್‌ಐಸಿ ಏಜೆಂಟರ ಹಾಗೆ ಇವರೂ ನಮ್ಮ ಸಾವನ್ನೇ ನಂಬಿ ಬದುಕಿದವರು.

ದಸರೆಗೆ ಊರಿಗೆ ಬಂದವನು ಲ್ಯಾಪ್‌ಟಾಪ್ ತೆರೆದು ಕೂತ. ಅಕ್ಕ ಕೇಳಿದಳು: "ಯಾಕೋ, ಬಂದಾಗಿಂದ ಹಿಂಗ ಕುಂತೀದಿ? ಏನ್ ಮಾಡ್ಲಾಕತ್ತೀದಿ?"

"ಏಜೆಂಟ್ ಅನ್‌ಲಾಕ್ ಮಾಡ್ಲಾಕತ್ತೀನಿ, ಅವ್ವಾ."

"ಎಷ್ಟೊತ್ತು ಆಗ್ತದ?"

ಅವನು ಲೆಕ್ಕ ಹೇಳಿದ. ಮೊದಲೇ ಐವರು ಪುಕ್ಕಟೆ ಸಿಗುತ್ತಾರೆ: ಬ್ರಿಮ್‌ಸ್ಟೋನ್, ಜೆಟ್, ಫೀನಿಕ್ಸ್, ಸೇಜ್, ಸೋವಾ. ಉಳಿದವರು ಕೀಲಿಯೊಳಗೆ. ಕಂಪನಿಯವರು 2023ರ ಮಧ್ಯದಲ್ಲಿ ತಂದ ಪದ್ಧತಿಯ ಪ್ರಕಾರ ಹೊಸ ಏಜೆಂಟ್ ಬಂದ ಮೇಲೆ 28 ದಿನದ ಗಡುವು. ಅಷ್ಟರೊಳಗೆ ಎರಡು ಲಕ್ಷ ಅನುಭವದ ಅಂಕ ಗಳಿಸಿದರೆ ಕೀಲಿ ತೆರೆಯುತ್ತದೆ. ಗಡುವು ಮೀರಿದರೆ ಆಟದೊಳಗೇ ಗಳಿಸುವ 8,000 ಕಿಂಗ್‌ಡಮ್ ಕ್ರೆಡಿಟ್ ತೆರಬೇಕು. ಇಲ್ಲವೇ ಖರೇ ರೊಕ್ಕ. ಒಂದು ಪೂರ್ತಿ ಆಟಕ್ಕೆ ನಾಲ್ಕು ಸಾವಿರದ ಆಸುಪಾಸು ಅಂಕ. ಅಂದರೆ ಐವತ್ತು ಆಟ. ಒಂದೊಂದು ಆಟ ಅರ್ಧ ತಾಸಿನ ಮೇಲೆ. ಒಟ್ಟು ಮೂವತ್ತು ತಾಸು ಹಿಡಿಯಿರಿ.

ಅಕ್ಕ ಬೆರಳು ಮಡಿಚಿ ಎಣಿಸಿದಳು. "ಮೂವತ್ತು ತಾಸು ಅಂದ್ರ ನಾಕು ದಿನದ ಕೂಲಿ. ಅಷ್ಟೊತ್ತು ಸೋಯಾದಾಗ ಕಸ ತೆಗ್ದಿದ್ರ ಹೊಲ ಬೆಳ್ಳಗಾಗ್ತಿತ್ತು. ಮತ್ತ ಈ ಕೀಲಿ ತೆಗದ ಮ್ಯಾಲ ನಿನಗ ಏನ್ ಸಿಗ್ತದ?"

"ಇನ್ನೊಬ್ಬ ಬರ್ತಾನ."

"ಅವನಿಗೂ ಕೀಲಿ ಅದ ಏನು?"

"ಹೌದು."

ಅಕ್ಕ ಏನೂ ಅನ್ನಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಬಡಿತದ ಸದ್ದಿನಲ್ಲಿ ಅವಳ ಅಭಿಪ್ರಾಯ ಸ್ಪಷ್ಟವಾಗಿ ಕೇಳುತ್ತಿತ್ತು.

ವಿಧಿಯೂ ಅಕ್ಕನ ಪಕ್ಷ ವಹಿಸಿತು. ಅಂಕ ಏರುತ್ತಿದ್ದ ಹೊತ್ತಿಗೆ ಕರೆಂಟು ಹೋಯಿತು, ವೈಫೈ ಸತ್ತಿತು. ವ್ಯಾಲೊರಂಟಿನಲ್ಲಿ ಆಟದ ನಡುವೆ ಎದ್ದು ಹೋದವನಿಗೆ ದಂಡ ಬೀಳುತ್ತದೆ, ಮುಂದಿನ ಆಟಕ್ಕೆ ಒಂದಷ್ಟು ಹೊತ್ತು ಬಾಗಿಲ ಹೊರಗೆ ಕಾಯಬೇಕು. "ನಾ ಎದ್ದು ಹೋಗಿಲ್ಲ, ಕರೆಂಟು ಎದ್ದು ಹೋಗ್ಯದ" ಅಂತ ಕ್ಯಾಲಿಫೋರ್ನಿಯದ ಕಂಪನಿಗೆ ಯಾವ ಭಾಷೆಯಲ್ಲಿ ಅರ್ಜಿ ಬರೆಯುವುದು? ಸಾಹೇಬರ ಸಹಿ, ಆಧಾರ್ ಜೆರಾಕ್ಸ್, ಯಾವುದನ್ನೂ ಅದು ಒಪ್ಪುವುದಿಲ್ಲ.

ಇಷ್ಟಾಗುವಾಗ ಪಕ್ಕದ ಮನೆಯ ಕಾಕಾ ಬಂದರು. ಊರಿನಲ್ಲಿ ಬುದ್ಧಿ ಹೇಳುವ ಗುತ್ತಿಗೆ ಅವರದೇ. "ಏನಪಾ ಇದು, ಪಾತ್ರ ತಗೊಳ್ಳಾಕ ರೊಕ್ಕ ಕೊಡೋದು? ನಮ್ಮ ಕಾಲದಾಗ ಇಂಥಾ ಹುಚ್ಚಾಟ ಇದ್ದಿದ್ದಿಲ್ಲ" ಎಂದು ಶುರು ಮಾಡಿದರು. ಅಳಿಯ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಕೇಳಿದ: "ಕಾಕಾ, ಜಾತ್ರಿ ನಾಟಕದಾಗ ನೀವು ಗೌಡನ ಪಾರ್ಟ್ ಮಾಡಿದ್ರಲ್ಲ, ಅದಕ ಎಷ್ಟು ಪಟ್ಟಿ ಕೊಟ್ಟಿದ್ರಿ?"

ಕಾಕಾ ಸ್ತಬ್ಧರಾದರು. ಕಾರಣ ಇಡೀ ಊರಿಗೆ ಗೊತ್ತು. ಆ ಪಾತ್ರಕ್ಕೆ ಅವರು ಎರಡು ಚೀಲ ತೊಗರಿ ಮಾರಿದ್ದರು.

ನಮ್ಮ ನಾಡಿನ ಹಳ್ಳಿಯ ನಾಟಕ ನೋಡಿದವರಿಗೆ ಈ ಕೀಲಿಯ ವ್ಯಾಪಾರ ಹೊಸದಲ್ಲ. ಮಂಡ್ಯ, ತುಮಕೂರಿನ ಕಡೆ 'ಕುರುಕ್ಷೇತ್ರ' ಆಡಿಸುವಾಗ ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ವಿದುರನಿಗೆ ಇಷ್ಟು ಎಂದು ದರಪಟ್ಟಿಯೇ ಇರುತ್ತದೆ. ದುರ್ಯೋಧನನಾಗಲು ಹಟ ಹಿಡಿದವನು ಎತ್ತು ಮಾರುತ್ತಾನೆ. ಕೊನೆಗೆ ಗದೆ ಎತ್ತಲು ಕಸುವಿಲ್ಲದಿದ್ದರೂ ತೊಡೆ ತಟ್ಟುವ ಹಕ್ಕು ಅವನದೇ. ನಮ್ಮ ಕಡೆ ಸಾಮಾಜಿಕ ನಾಟಕ ಹೆಚ್ಚು. ಹೀರೋ, ಮೀಸೆ ತಿರುವುವ ಗೌಡ, ಹಾಸ್ಯದವನು, ಕಡೆಗೆ ಪೊಲೀಸಿನವನು. ಪಟ್ಟಿ ಹೆಚ್ಚು ಕೊಟ್ಟವನು ಗೌಡ. ಕಮ್ಮಿ ಕೊಟ್ಟವನು ಕೊನೆಯ ದೃಶ್ಯದಲ್ಲಿ ಬೇಡಿ ಹಿಡಿದು ಬರುವ ಪೊಲೀಸ್. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುವವನ ಕೈಯಲ್ಲಿ ರೊಕ್ಕವಿಲ್ಲದ ಕಾರಣ ಅವನು ಪರದೆ ಎಳೆಯುತ್ತಾನೆ. ಹೀಗೆ ರೊಕ್ಕದಿಂದ ಪಾತ್ರದ ಕೀಲಿ ತೆಗೆಯುವ ವಿದ್ಯೆಯನ್ನು ಕಂಪ್ಯೂಟರು ಹುಟ್ಟುವ ಮೊದಲೇ ನಾವು ಕರಗತ ಮಾಡಿಕೊಂಡಿದ್ದೆವು. ಗರೀನಾದವರು ನಮ್ಮ ನಾಟಕದ ಮಾಸ್ತರರಿಗೆ ರಾಯಧನ ಕೊಡಬೇಕು.

ಆದರೆ ಕಾಕಾ ಸೋಲೊಪ್ಪುವ ಗಿರಾಕಿಯಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಖರೇ ಅದ. ತೊಗರಿ ಮಾರಿದ್ದು ಖರೇ. ಆದ್ರ ಆ ರೊಕ್ಕ ಎಲ್ಲಿ ಹೋಯ್ತು? ಪೇಟಿ ಮಾಸ್ತರಗ ಹೋಯ್ತು, ಸೀನರಿಯವಗ ಹೋಯ್ತು, ರಾತ್ರಿ ಚಹಾ ಮಾಡಿದವಗ ಹೋಯ್ತು. ಊರಾಗಿನ ರೊಕ್ಕ ಊರಾಗ ತಿರುಗಿತು. ಊರೇ ಕುಂತು ಬೆಳತನಕ ನೋಡಿತು. ಇವತ್ತಿಗೂ ನನಗ ಗೌಡ ಅಂತಾರ. ನಿನ್ನ ಏಜೆಂಟನ ಹೆಸರು ಹಿಡಿದು ನಿನಗ ಯಾರರೆ ಕರೀತಾರೇನು?"

ಈ ಮಾತಿಗೆ ಅಳಿಯನಲ್ಲಿ ಉತ್ತರವಿರಲಿಲ್ಲ. ಅವನನ್ನು ಹಾಸ್ಟೆಲಿನಲ್ಲಿ ಏನೆಂದು ಕರೆಯುತ್ತಾರೆಂಬುದು ಹೆಂಗಸರು ಮಕ್ಕಳು ಇರುವಲ್ಲಿ ಹೇಳುವಂಥದ್ದಾಗಿರಲಿಲ್ಲ.

ಹಾಗೆ ನೋಡಿದರೆ ನಮ್ಮ ತಲೆಮಾರಿನ ಆಟದಲ್ಲಿ ಈ ತಕರಾರೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಪ್ಯಾಟಿಯ ವಿಡಿಯೊ ಗೇಮ್ ಅಂಗಡಿ ಎಂದರೆ 'ಮುಸ್ತಫಾ'. ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್', ಜಪಾನಿನ ಕ್ಯಾಪ್‌ಕಾಮ್ ಕಂಪನಿಯ 1993ರ ಸರಕು. ಆ ಉದ್ದ ಹೆಸರು ಹೇಳುವಷ್ಟರಲ್ಲಿ ನಾಣ್ಯ ಮುಗಿದುಹೋಗುತ್ತಿತ್ತು. ಹಾಗಾಗಿ ನಾಲ್ವರು ವೀರರಲ್ಲಿ ಹಳದಿ ಟೋಪಿಯವನ ಹೆಸರನ್ನೇ ಇಡೀ ಹಿಂದುಸ್ತಾನ ಆಟಕ್ಕೆ ಇಟ್ಟುಬಿಟ್ಟಿತು. ಜ್ಯಾಕ್, ಹ್ಯಾನಾ, ಮುಸ್ತಫಾ, ಮೆಸ್. ನಾಲ್ವರೂ ಮೊದಲ ನಾಣ್ಯಕ್ಕೇ ಕೈಗೆ ಸಿಗುತ್ತಿದ್ದರು. ಯಾರನ್ನು ಆರಿಸಿಕೊಳ್ಳಬೇಕು ಎಂಬುದಕ್ಕೆ ಹಿಂದೆ ನಿಂತ ದೊಡ್ಡ ಹುಡುಗನ ಅಪ್ಪಣೆ ಬೇಕಿತ್ತು ಅಷ್ಟೆ. ಅದೇ ಕಾಲದ ಕೆಲವು ಆಟಗಳಲ್ಲಿ ಅಡಗಿದ ಪಾತ್ರಗಳಿದ್ದದ್ದು ಹೌದು. 1992ರ 'ಮಾರ್ಟಲ್ ಕಾಂಬ್ಯಾಟ್'ನಲ್ಲಿ ರೆಪ್ಟೈಲ್ ಎಂಬ ಹಸಿರು ಆಸಾಮಿಯನ್ನು ಎದುರಿಗೆ ಬರಿಸಬೇಕಾದರೆ ಒಂದೂ ಪೆಟ್ಟು ತಿನ್ನದೆ ಗೆಲ್ಲಬೇಕು, ಇನ್ನೂ ಏನೇನೋ ಒಗಟು ಬಿಡಿಸಬೇಕು. ಅಂದಿನ ಕೀಲಿ ಒಗಟಾಗಿತ್ತು, ಇಂದಿನ ಕೀಲಿ ಗಲ್ಲಾಪೆಟ್ಟಿಗೆ.

ಕಂಪನಿಗಳ ವಕಾಲತ್ತನ್ನೂ ಕೇಳಬೇಕಲ್ಲ, ಇಲ್ಲವಾದರೆ ನ್ಯಾಯ ಪಂಚಾಯ್ತಿ ಅನ್ನಿಸಿಕೊಳ್ಳುವುದಿಲ್ಲ. ಅವರ ಮೊದಲ ವಾದ: ಆಟ ಪುಕ್ಕಟೆ ಕೊಟ್ಟಿದ್ದೇವೆ, ಎಲ್ಲಾದರೂ ರೊಕ್ಕ ಹುಟ್ಟಬೇಕಲ್ಲ? ಒಪ್ಪತಕ್ಕದ್ದೇ. ಸರ್ವರಿಗೂ ಕರೆಂಟು ಬಿಲ್ಲಿದೆ. ಎರಡನೆಯದು: ಮೊದಲ ದಿನವೇ ಇಪ್ಪತ್ತೈದಕ್ಕೂ ಹೆಚ್ಚು ಏಜೆಂಟರನ್ನು ಎದುರಿಗೆ ನಿಲ್ಲಿಸಿದರೆ ಹೊಸಬ ಗಾಬರಿಯಾಗುತ್ತಾನೆ, ಐವರನ್ನು ಕೊಟ್ಟು, ಕಲಿತಂತೆ ಕಲಿತಂತೆ ಬಾಗಿಲು ತೆರೆಯುವುದೇ ಕ್ರಮ. ಇದರಲ್ಲೂ ಸತ್ಯವಿದೆ. ಹೊಸ ಸೊಸೆಗೆ ಮೊದಲ ದಿನವೇ ಇಡೀ ಬೀಗರ ಪಟ್ಟಿ ಒಪ್ಪಿಸಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಮೂರನೆಯ ವಾದವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ನಾನೇ ಹೇಳುತ್ತೇನೆ: ಎದುರಿಗೆ ಒಂದು ಕೀಲಿ ಇದ್ದರೆ ಮನುಷ್ಯ ನಾಳೆಯೂ ಬರುತ್ತಾನೆ. ಎಲ್ಲ ಬಾಗಿಲೂ ತೆರೆದ ಮನೆಗೆ ಕಳ್ಳನೂ ಎರಡನೇ ಸಲ ಬರುವುದಿಲ್ಲ.

ಆದರೆ ತಕರಾರು ಬೇರೆ ಕಡೆ ಇದೆ. ಇದು ಒಬ್ಬನೇ ಕೂತು ಆಡುವ ಇಸ್ಪೀಟಿನ ಪೇಶನ್ಸ್ ಅಲ್ಲ, ಸ್ಪರ್ಧೆ. ಎದುರಿನವನು ಗೋಡೆ ಕಟ್ಟುವವನನ್ನು ತಂದರೆ ನಾನು ಗೋಡೆ ಒಡೆಯುವವನನ್ನು ತರಬೇಕು. ಒಡೆಯುವವನು ಕೀಲಿಯೊಳಗೆ ಕೂತು ಕೈ ಬೀಸುತ್ತಿದ್ದರೆ? ಈ ಸಂಕಟವನ್ನು ಲೋಕಕ್ಕೇ ತೋರಿಸಿಕೊಟ್ಟದ್ದು ಬ್ಲಿಜರ್ಡ್ ಕಂಪನಿಯ ಓವರ್‌ವಾಚ್. 2016ರಲ್ಲಿ ಅದನ್ನು ರೊಕ್ಕ ಕೊಟ್ಟು ಕೊಂಡವನಿಗೆ ಎಲ್ಲ ಹೀರೋಗಳೂ ತೆರೆದೇ ಸಿಗುತ್ತಿದ್ದರು; ಆಮೇಲೆ ಬಂದ ಹೊಸಬರೂ ಸುಮ್ಮನೆ ಬಂದು ಕೂಡುತ್ತಿದ್ದರು. 2022ರ ಅಕ್ಟೋಬರಿನಲ್ಲಿ ಎರಡನೇ ಆವೃತ್ತಿ ಪುಕ್ಕಟೆಯಾಗಿ ಬಂತು. ಪುಕ್ಕಟೆಯ ಜೊತೆಗೆ ಕೀಲಿಯೂ ಬಂತು. ಕಿರಿಕೊ ಎಂಬ ಹೊಸ ಹೀರೋಯಿನ್ನಳನ್ನು ರೊಕ್ಕ ಕೊಡದವರು ಬ್ಯಾಟಲ್ ಪಾಸಿನ 55ನೇ ಮೆಟ್ಟಿಲು ಹತ್ತಿಯೇ ಕಾಣಬೇಕಾಯಿತು. ಹೆಸರಿಗೆ ತಕ್ಕ ಕಿರಿಕಿರಿ. ಹೊಸದಾಗಿ ಸೇರಿದವನಿಗಂತೂ ಹಳೆಯ ಹೀರೋಗಳೆಲ್ಲ ಸಿಗಲು ನೂರರ ಆಸುಪಾಸು ಆಟ ಬೇಕಿತ್ತು. ಆಟಗಾರರು ಹುಯಿಲೆಬ್ಬಿಸಿದರು. 2024ರ ಏಪ್ರಿಲಿನಲ್ಲಿ ಕಂಪನಿ ಸುಮ್ಮನೆ ಬ್ಯಾಟಲ್ ಪಾಸಿನ ಕೀಲಿ ಕಿತ್ತು ಎಸೆದು ಹೊಸ ಹೀರೋಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ವರ್ಷ ಡಿಸೆಂಬರಿನಲ್ಲಿ ಬಂದ 'ಮಾರ್ವೆಲ್ ರೈವಲ್ಸ್' 33 ಹೀರೋಗಳನ್ನೂ ಮೊದಲ ದಿನದಿಂದಲೇ ತೆರೆದಿಟ್ಟು, ಬಟ್ಟೆಬರೆ ಮಾತ್ರ ಮಾರಾಟಕ್ಕಿಟ್ಟಿತು. ಜನ ಮುಗಿಬಿದ್ದರು. ಕೀಲಿ ಇಲ್ಲದೆ ಅಂಗಡಿ ನಡೆಯುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇನ್ನೂ ದೊಡ್ಡ ತಮಾಷೆ ಇದೆ. ವ್ಯಾಲೊರಂಟಿನ ದೊಡ್ಡ ದೊಡ್ಡ ಪಂದ್ಯಾವಳಿಗಳಲ್ಲಿ ವೃತ್ತಿಯ ಆಟಗಾರರಿಗೆ ಎಲ್ಲ ಏಜೆಂಟರೂ ತೆರೆದಿರುವ ಖಾತೆಯನ್ನೇ ಕೊಡುತ್ತಾರೆ. ಅಂದರೆ ನ್ಯಾಯವಾದ ಸ್ಪರ್ಧೆಗೆ ಎಲ್ಲ ಪಾತ್ರವೂ ತೆರೆದಿರಬೇಕು ಎಂಬುದು ಕೀಲಿ ಹಾಕಿದವರಿಗೂ ಗೊತ್ತು. ಲಕ್ಷಾಂತರ ಡಾಲರು ಗೆಲ್ಲಲು ಬಂದವನಿಗೆ ಕೀಲಿ ಇಲ್ಲ. ದಸರೆ ರಜೆಗೆ ಬಂದ ನಮ್ಮ ಅಳಿಯನಿಗೆ ಇದೆ. ಲೋಕನ್ಯಾಯ ಎಲ್ಲ ಕಡೆ ಒಂದೇ.

ಈ ಕೀಲಿಯೊಳಗಿನ ಮಂದಿಯಲ್ಲಿ ನಮ್ಮವರು ಯಾರಿದ್ದಾರೆ ಅಂತ ಕಾಕಾ ಕೇಳಿದರು. ಇದ್ದಾರೆ. ಓವರ್‌ವಾಚಿನ ಸಿಮೆಟ್ರಾ ನಮ್ಮ ದೇಶದ ಹೆಣ್ಣುಮಗಳು, ಮನೆಯ ಹೆಸರು ಸತ್ಯಾ ವಾಸ್ವಾನಿ. ರೈನ್‌ಬೋ ಸಿಕ್ಸ್ ಸೀಜ್ ಆಟದಲ್ಲಿ ಗುಜರಾತಿನ ಅಮರೇಲಿಯ ಕಾಳಿ ಇದ್ದಾಳೆ. ವ್ಯಾಲೊರಂಟಿಗೆ 2022ರ ಅಕ್ಟೋಬರಿನಲ್ಲಿ ಹಾರ್ಬರ್ ಬಂದ, ಅಂದರೆ ವರುಣ್ ಬಾತ್ರಾ. ಹೆಸರಿಗೆ ಸರಿಯಾಗಿ ನೀರನ್ನೇ ಗೋಡೆ ಮಾಡಿ ನಿಲ್ಲಿಸುತ್ತಾನೆ. "ಇವನ ಕೀಲಿ ಮೊದಲ ತೆಗಿ, ಬೇಸಿಗ್ಯಾಗ ಬಾವಿಗೆ ಇಳಿಸೋಣ" ಎಂದರು ಕಾಕಾ.

ಕನ್ನಡದ ಏಜೆಂಟ್ ಮಾತ್ರ ಇನ್ನೂ ಹುಟ್ಟಿಲ್ಲ. ಹುಟ್ಟುವುದಿದ್ದರೆ ಬೆಂಗಳೂರಿನವನಾಗಬಾರದು ಎಂದು ಬೇವಿನ ನೆರಳಿನ ಮಂಡಳಿ ಸರ್ವಾನುಮತದಿಂದ ಠರಾವು ಮಾಡಿದೆ. ಬೆಂಗಳೂರಿನವನು ಟ್ರಾಫಿಕ್ಕಿನಲ್ಲಿ ಸಿಕ್ಕಿ ಯುದ್ಧಕ್ಕೆ ತಡವಾಗಿ ಬರುತ್ತಾನಂತೆ. ಬೀದರದವನೇ ಆಗಬೇಕು. ಅವನ ಕೈಯಲ್ಲಿ ಬಿದರಿ ಢಾಲು: ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಬೀದರ ಕೋಟೆಯ ಮಣ್ಣಿನಲ್ಲಿ ಕಪ್ಪಾಗಿಸಿದ್ದು. ಗುಂಡು ತಾಗಿದರೆ ಇನ್ನಷ್ಟು ಹೊಳೆಯಬೇಕು. ಹೊಗೆಬಾಂಬಿನ ಬದಲಿಗೆ ತೊಗರಿ ರಾಶಿ ಮಾಡುವ ಮಷೀನಿನ ಧೂಳು. ಎದುರಿನ ಐವರೂ ಕಣ್ಣುಜ್ಜುತ್ತ ತುರಿಸಿಕೊಳ್ಳಬೇಕು. ಕೊನೆಯ ಬ್ರಹ್ಮಾಸ್ತ್ರ, ಏಕಕಾಲಕ್ಕೆ ಕನ್ನಡ, ಮರಾಠಿ, ದಖನಿ ಉರ್ದುವಿನಲ್ಲಿ ಬೈಗುಳ. ಅದಕ್ಕೆ ಯಾವ ಆಟದಲ್ಲೂ ತಡೆಗೋಡೆ ಇಲ್ಲ. ಮತ್ತು ಮುಖ್ಯವಾಗಿ ಅವನಿಗೆ ಕೀಲಿ ಇರಬಾರದು. ಕಲ್ಯಾಣದ ಕಡೆಯಿಂದ ಬಂದವನು ಬಾಗಿಲು ಹಾಕಿಕೊಂಡು ಕೂತರೆ ಅನುಭವ ಮಂಟಪದ ಮಾನ ಏನಾಗಬೇಕು?

ನಗುತ್ತ ನಗುತ್ತ ಒಂದು ಮಾತು ನಗದೆ ಹೇಳಬೇಕು. ಈ ಊರಿನಲ್ಲಿ ಬಂದೂಕು ಯಾವಾಗಲೂ ಆಟದ ಸಾಮಾನಾಗಿರಲಿಲ್ಲ. 1948ರ ಮೇ ತಿಂಗಳಲ್ಲಿ ರಜಾಕಾರರು ಗೋರ್ಟಾದ ಮೇಲೆ ಬಿದ್ದು ನಡೆಸಿದ ಹತ್ಯಾಕಾಂಡಕ್ಕೆ ಇಲ್ಲಿನ ಹುತಾತ್ಮರ ಸ್ಮಾರಕ ಸಾಕ್ಷಿ. 103 ಅಡಿ ಕಂಬದ ಮೇಲೆ 2023ರ ಮಾರ್ಚ್ 26ರಂದು ಏರಿದ ತಿರಂಗಾ ದೂರದಿಂದಲೇ ಕಾಣುತ್ತದೆ. ಹತ್ಯಾಕಾಂಡ ನಡೆದ ವರ್ಷವೇ, 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಗೋರ್ಟಾದವರಿಗೆ ಆ ನಾಲ್ಕು ತಿಂಗಳು ತಡವಾಯಿತು. ಅಂದು ಬಿದ್ದವರನ್ನು ಎಬ್ಬಿಸುವ ಗುಂಡಿ ಯಾರ ಕೈಯಲ್ಲೂ ಇರಲಿಲ್ಲ. ಬೇವಿನ ಕೆಳಗಿನ ಹುಡುಗರಿಗೆ ಇದು ಗೊತ್ತಿಲ್ಲ ಎಂದುಕೊಳ್ಳಬೇಡಿ. ಆಗಸ್ಟ್ 15ಕ್ಕೂ ಸೆಪ್ಟೆಂಬರ್ 17ಕ್ಕೂ ಭಾಷಣ ಮಾಡುವವರು ಅವರೇ. ಆಟದ ಬಂದೂಕು, ಇತಿಹಾಸದ ಬಂದೂಕು ಎರಡನ್ನೂ ಬೇರೆ ಬೇರೆ ಇಡುವ ಬುದ್ಧಿ ಅವರಿಗಿದೆ. ದೊಡ್ಡವರು ಅವರ ಮುಂದೆ ಅದನ್ನು ಆಗಾಗ ನೆನಪಿಸುತ್ತಿದ್ದರೆ ಸಾಕು.

ಮತ್ತೆ ಕೀಲಿಗೆ ಬರೋಣ. ಇದರ ಅಸಲಿ ಮರ್ಮ ಬಯಲಾದದ್ದು 2022ರ ಫೆಬ್ರವರಿ 14ರಂದು. ಲೋಕವೆಲ್ಲ ಗುಲಾಬಿ ಹಂಚುತ್ತಿದ್ದಾಗ ಕೇಂದ್ರ ಸರ್ಕಾರ 54 ಆ್ಯಪುಗಳಿಗೆ ಕೀಲಿ ಜಡಿಯಿತು, ಅದರಲ್ಲಿ ಫ್ರೀ ಫೈರೂ ಒಂದು. ಅದರ ಅಣ್ಣ ಫ್ರೀ ಫೈರ್ ಮ್ಯಾಕ್ಸ್ ಹೇಗೋ ಉಳಿದುಕೊಂಡ ಕಾರಣ ಆಟ ನಿಲ್ಲಲಿಲ್ಲ. ಆದರೆ ಆ ಒಂದೆರಡು ದಿನ ಹುಡುಗರ ಮೋತಿ ನೋಡಬೇಕಿತ್ತು. ತಾವು ಕೀಲಿ ತೆಗೆದು ಕೂಡಿಸಿಟ್ಟ ಹೀರೋಗಳೆಲ್ಲ ದೊಡ್ಡದೊಂದು ಕೀಲಿಯೊಳಗೆ ಸಿಕ್ಕಿಬಿದ್ದರೆಂದು ಗೋಳಾಡಿದರು. 2023ರ ಆಗಸ್ಟಿನಲ್ಲಿ ಕಂಪನಿಯವರು, 'ಫ್ರೀ ಫೈರ್ ಇಂಡಿಯಾ' ಬರುತ್ತದೆ, ಧೋನಿ ರಾಯಭಾರಿ, 'ತಲಾ' ಎಂಬ ಹೆಸರಿನಲ್ಲಿ ಆತನೇ ಒಂದು ಪಾತ್ರ ಎಂದು ಡಂಗುರ ಹೊಡೆದರು. ಸೆಪ್ಟೆಂಬರ್ 5ಕ್ಕೆ ಮುಹೂರ್ತ ಎಂದರು. ಮುಹೂರ್ತ ಮುಂದಕ್ಕೆ ಹೋಯಿತು. ಕಡೇ ಓವರಿನಲ್ಲಿ ಸಿಕ್ಸರ್ ಹೊಡೆಯುವ ಧೋನಿಗೂ ಈ ಕೀಲಿ ತೆಗೆಯಲಾಗಲಿಲ್ಲ ಎಂದಮೇಲೆ ನಮ್ಮ ಏಳನೇ ಇಯತ್ತೆಯವನ ಪಾಡೇನು? ರೊಕ್ಕ ಕೊಟ್ಟು ತೆಗೆದ ಪಾತ್ರ ನಮ್ಮದಲ್ಲ. ಕಂಪನಿಯ ಮನೆಯಲ್ಲಿ ನಾವು ಬಾಡಿಗೆಗೆ ಇದ್ದಂತೆ, ಮೂಲ ಕೀಲಿಕೈ ಯಾವತ್ತೂ ಅವರ ಕಿಸೆಯಲ್ಲೇ.

ಸರ್ಕಾರದವರು 2025ರ ಆಗಸ್ಟಿನಲ್ಲಿ ಆನ್‌ಲೈನ್ ಆಟಗಳಿಗೇ ಒಂದು ಕಾಯ್ದೆ ತಂದರು. ರೊಕ್ಕ ಕಟ್ಟಿ ರೊಕ್ಕ ಗೆಲ್ಲುವ ಆಟಕ್ಕೆ ನಿಷೇಧ, ಇ-ಸ್ಪೋರ್ಟ್ಸಿಗೆ ಮಾನ್ಯತೆ. ಒಳ್ಳೆಯದೇ. ಆದರೆ ಕೀಲಿಯ ವ್ಯಾಪಾರ ಈ ಬಲೆಗೆ ಬೀಳುವುದಿಲ್ಲ. ಕಾರಣ, ಜೂಜಿನಲ್ಲಿ ರೊಕ್ಕ ಹೋಗಬಹುದು, ಬರಲೂಬಹುದು. ಇಲ್ಲಿ ಹೋಗುವುದೊಂದೇ. ಅನುಮಾನಕ್ಕೆ ಆಸ್ಪದವೇ ಇಲ್ಲದ ಶುದ್ಧ ವ್ಯವಹಾರ.

ಗೋರ್ಟಾದ ಹುಡುಗರು ಮಾತ್ರ ತಮ್ಮ ಮಟ್ಟಿಗೆ ಒಂದು ದಾರಿ ಕಂಡುಕೊಂಡಿದ್ದಾರೆ. ಊರೊಳಗಿನ ಪಂದ್ಯವಾದರೆ ಕಸ್ಟಮ್ ರೂಮ್ ಕಟ್ಟಿ, ಪಾತ್ರಗಳ ವಿದ್ಯೆಯನ್ನು ಬಂದ್ ಮಾಡುತ್ತಾರೆ. 'ಸ್ಕಿಲ್ ಆಫ್' ಅನ್ನುತ್ತಾರೆ. ಆಗ ಆಲೋಕನೂ ಒಂದೇ, ಆಡಮನೂ ಒಂದೇ. ಯಾರ ಕಣ್ಣು ಚುರುಕು, ಯಾರ ಬೆರಳು ನಿಧಾನ ಎಂಬುದಷ್ಟೇ ಲೆಕ್ಕ. ಟಾಪ್‌ಅಪ್ ಸಾಹುಕಾರನ ಮಗ ಮೊದಲ ನಿಮಿಷಕ್ಕೇ ಉರುಳುತ್ತಾನೆ, ಬಿರುಕು ಬಿಟ್ಟ ಫೋನಿನವನು ಗೆದ್ದು ಕುಣಿಯುತ್ತಾನೆ. ಎಂಥಾ ಸಮಾನತೆ ಎಂದು ಕಣ್ಣೊರೆಸಿಕೊಳ್ಳಲು ಹೋದೆ. ಅಷ್ಟರಲ್ಲಿ ಒಬ್ಬ ಹೇಳಿದ: "ಕಸ್ಟಮ್ ರೂಮಿಗೆ ಕಾರ್ಡ್ ಬೇಕು ಮಾಮಾ, ಅದು ಡೈಮಂಡಿಗೆ ಸಿಗ್ತದ." ವಿದ್ಯೆ ಕೊಳ್ಳಲೂ ರೊಕ್ಕ, ವಿದ್ಯೆ ಆರಿಸಲೂ ರೊಕ್ಕ. ಈ ಬುದ್ಧಿವಂತಿಕೆ ನಮ್ಮ ಬಡ್ಡಿ ಸಾಹುಕಾರರಿಗೂ ಹೊಳೆದಿರಲಿಲ್ಲ.

ಆದ್ದರಿಂದ ನನ್ನ ತೀರ್ಪು ಇಷ್ಟು. ಸ್ಪರ್ಧೆ ಎಂದು ಕರೆದ ಮೇಲೆ ಪಾತ್ರಗಳಿಗೆ ಕೀಲಿ ಹಾಕುವುದು ಅನ್ಯಾಯ. ಕಂಪನಿಯವರು ವೇಷ ಮಾರಲಿ, ಬಂದೂಕಿಗೆ ಬಂಗಾರದ ಬಣ್ಣ ಮಾರಲಿ, ಕುಣಿತ ಮಾರಲಿ, ಮೀಸೆ ಮಾರಲಿ. ಕಾಕಾ ಅವರಂಥವರು ತೊಗರಿ ಮಾರಿ ಕೊಂಡಾರು. ಪಾತ್ರ ಮಾತ್ರ ಮೊದಲ ದಿನದಿಂದ ಎಲ್ಲರಿಗೂ ತೆರೆದಿರಲಿ. ಅಲ್ಲಿಯವರೆಗೆ ಆಡುವ ಹುಡುಗರಿಗೆ ಒಂದು ಮಾತು: ಪುಕ್ಕಟೆ ಸಿಕ್ಕ ಐವರಲ್ಲಿ ಒಬ್ಬನನ್ನು ಸರಿಯಾಗಿ ಕಲಿಯಿರಿ. ಗುರಿ ಹಿಡಿಯಲು ಬಾರದವನಿಗೆ ಇಪ್ಪತ್ತೈದು ಕೀಲಿ ತೆಗೆದರೂ ಸಾಯುವ ಬಗೆ ಇಪ್ಪತ್ತೈದಾಗುತ್ತದೆಯೇ ಹೊರತು ಗೆಲುವು ಬರುವುದಿಲ್ಲ. ಅಪ್ಪಂದಿರಿಗೂ ಒಂದು ಮಾತು: ಮಗನನ್ನು ಬೈಯುವ ಮೊದಲು ಒಂದು ಸಂಜೆ ಪಕ್ಕದಲ್ಲಿ ಕೂತು ಅವನ ಆಟ ನೋಡಿ, ನಿಮ್ಮ ನಾಟಕದ ಪಟ್ಟಿಯ ಕಥೆಯನ್ನೂ ಮುಚ್ಚಿಡದೆ ಹೇಳಿ. ಯುಪಿಐ ಪಿನ್ ಮಾತ್ರ ಇವತ್ತೇ ಬದಲಾಯಿಸಿ.